ಗೊಂಡೆ ಚಪ್ಪಲಿಯ ವರ್ಷ

ಹೋದ ತಿಂಗಳು ರಾಮದುರ್ಗದಿಂದ ಬೈಲಹೊಂಗಲಕ್ಕೆ ಹೊರಟ ಬಸ್ಸು ಸವದತ್ತಿ ನಿಲ್ದಾಣದಲ್ಲಿ ಬಹಳ ಹೊತ್ತು ನಿಂತಿತ್ತು. ಹೊರಗೆ ಜಿಟಿಜಿಟಿ ಮಳೆ. ನನ್ನ ಕಿಟಕಿಯ ಕೆಳಗೆ ಒಬ್ಬ ಮುದುಕರು ಗೋಡೆಗೆ ಕೊಡೆ ಸಿಕ್ಕಿಸಿಕೊಂಡು ಚಪ್ಪಲಿ ದುರಸ್ತಿಗೆ ಕುಳಿತಿದ್ದರು. ಅವರು ಅಂಟಿನ ಡಬ್ಬಿಯ ಮುಚ್ಚಳ ತೆಗೆದರು. ಸಲ್ಯೂಷನ್ನಿನ ಆ ಖಾರವಾದ, ಸ್ವಲ್ಪ ಸಿಹಿಯೂ ಆದ ವಾಸನೆ ಒದ್ದೆ ಚರ್ಮದ ವಾಸನೆಯ ಜೊತೆ ಸೇರಿ ಕಿಟಕಿಯೊಳಗೆ ಬಂತು. ಕಂಡಕ್ಟರು ಎರಡು ಸಲ ಕೇಳಿದರೂ ನನಗೆ ಊರಿನ ಹೆಸರು ಬಾಯಿಗೆ ಬರಲಿಲ್ಲ. ಕಣ್ಣೆದುರು ತಗಡಿನ ಚಾವಣಿಯ ಒಂದು ಉದ್ದನೆಯ ಕೋಣೆ ನಿಂತಿತ್ತು. ಬೆಳಕಿಂಡಿಯಿಂದ ಇಳಿದ ಬಿಸಿಲಕೋಲು, ಆ ಕೋಲಿನೊಳಗೆ ಮೇಲಕ್ಕೂ ಕೆಳಕ್ಕೂ ನಿಧಾನವಾಗಿ ತೇಲುತ್ತಿದ್ದ ಕೆಂಪು, ಹಳದಿ, ಗಿಳಿಹಸಿರು ಉಣ್ಣೆಯ ಎಳೆಗಳು.

ನಾನೀಗ ಸಾಲಹಳ್ಳಿ ಕಡೆಯ ಒಂದು ಶಾಲೆಯಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತೇನೆ. ಮನೆ ಬೈಲಹೊಂಗಲದಲ್ಲೇ ಇದೆ, ವಾರದ ಕೊನೆಗೆ ಹೋಗಿ ಬರುತ್ತೇನೆ. ಈ ಕೆಲಸ ಸಿಗುವುದಕ್ಕೆ ಮೊದಲು, ಒಂದು ಕಾರಹುಣ್ಣಿಮೆಯಿಂದ ಮರುವರ್ಷದ ದಸರೆಯವರೆಗೆ, ನಾನು ಚಪ್ಪಲಿ ಮಾಡುವವರ ಜೊತೆ ಕೆಲಸ ಮಾಡಿದ್ದೆ. ಊರಿಗೆ ಊರೇ ನಮ್ಮ ಚಪ್ಪಲಿ ಹಾಕಿಕೊಂಡು ಓಡಾಡಿದ ವರ್ಷ ಅದು. ಊರಿಗೆ ಊರೇ ಅದನ್ನು ಬಿಚ್ಚಿಟ್ಟದ್ದೂ ಅದೇ ವರ್ಷ.

ಕೊರೋನಾ ಕಾಲದಲ್ಲಿ ನಾನು ಕಲಿಸುತ್ತಿದ್ದ ಖಾಸಗಿ ಶಾಲೆ ಮುಚ್ಚಿತ್ತು. ನನ್ನ ಗಂಡ ಶಿವಾನಂದ ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಲಾರಿ ಹೊಡೆಯುತ್ತಿದ್ದರು. ಮಳೆಗಾಲದಲ್ಲಿ ಆ ಕೆಲಸವಿಲ್ಲ. ಮನೆಯಲ್ಲಿ ಮೂವರೇ: ಅವರು, ನಾನು, ಅತ್ತೆ. ಕಾರಹುಣ್ಣಿಮೆ ಕಳೆದ ಎರಡು ದಿನಕ್ಕೆ ಪೇಟೆಯಲ್ಲಿ ನನ್ನ ಚಪ್ಪಲಿಯ ಪಟ್ಟಿ ಹರಿಯಿತು. ಮಳೆಗೆ ನೆನೆದ ಎರೆಮಣ್ಣು ಅದನ್ನು ಹಿಡಿದು ಬಿಡಲೇ ಇಲ್ಲ. ಬರಿಗಾಲಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ಪೇಟೆಯ ಹಿಂದಿನ ಓಣಿಗೆ ಹೋದೆ. ಅಲ್ಲಿ ಯಮನಪ್ಪಜ್ಜ ಚಪ್ಪಲಿ ಹೊಲಿಯುತ್ತಾರೆಂದು ಕೇಳಿದ್ದೆನೇ ಹೊರತು ಹುಟ್ಟಿದಾಗಿನಿಂದ ಆ ಓಣಿಗೆ ಕಾಲಿಟ್ಟವಳಲ್ಲ. ನಮ್ಮ ಓಣಿಯ ಹೆಂಗಸರು ಯಾರೂ ಅಲ್ಲಿಗೆ ಹೋಗುತ್ತಿರಲಿಲ್ಲ. ಯಾಕೆಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಯಮನಪ್ಪಜ್ಜನಿಗೆ ಆಗ ಎಪ್ಪತ್ತರ ಹತ್ತಿರ. ಗೋಡೆಯ ಮೇಲೆ ಬುದ್ಧನ ಚಿತ್ರ, ಅದರ ಕೆಳಗೆ ಅವರ ಮರದ ಮಣೆ, ಮಣೆಯ ಸುತ್ತ ಅವರು ಹೊಲಿದ ಕೆರಗಳು. ಸುತ್ತಲ ಹಳ್ಳಿಯ ರೈತರು ಹೊಲಕ್ಕೆ ಹಾಕಿಕೊಳ್ಳುವ ದಪ್ಪ ಚರ್ಮದ ಚಪ್ಪಲಿಗೆ ಇಲ್ಲಿ ಕೆರ ಎನ್ನುತ್ತಾರೆ. ಅಜ್ಜ ನನ್ನ ಕಾಲನ್ನು ಒಮ್ಮೆ ನೋಡಿ, ಬಲಗಾಲಿನ ಹೆಬ್ಬೆರಳಿಗೆ ಹಳೆಯ ಪೆಟ್ಟಿದೆಯಲ್ಲ ಎಂದರು. ಇತ್ತು. ಹತ್ತನೆಯ ವಯಸ್ಸಿನಲ್ಲಿ ಬಾವಿಕಟ್ಟೆಯ ಕಲ್ಲು ಬಿದ್ದದ್ದು. ಮದುವೆಯಾಗಿ ಹದಿನಾಲ್ಕು ವರ್ಷವಾಗಿದ್ದ ಗಂಡನಿಗೂ ಅದು ಗೊತ್ತಿರಲಿಲ್ಲ.

ಅವರ ಮಗಳು ಸುಜಾತಾ ಹುಬ್ಬಳ್ಳಿಯ ದೊಡ್ಡ ಬೂಟಿನ ಅಂಗಡಿಯಲ್ಲಿ ಎಂಟು ವರ್ಷ ಕೆಲಸ ಮಾಡಿ ಆಗಷ್ಟೇ ಊರಿಗೆ ಮರಳಿದ್ದಳು. ಮೂವತ್ತರ ಆಸುಪಾಸು, ಚುರುಕು ಕಣ್ಣು, ಕುಳಿತಲ್ಲಿ ಕೂರದವಳು. ಕಾಲೆಂದರೆ ಅವಳಿಗೆ ಐದು, ಆರು, ಏಳು, ಡಬ್ಬಿಯ ಮೇಲೆ ಬರೆದಿರುವ ಅಂಕಿ. ಆ ದಿನ ಅವಳ ತೊಡೆಯ ಮೇಲೆ ಒಂದು ರಾಶಿ ಉಣ್ಣೆಯ ಗೊಂಡೆಗಳಿದ್ದವು. ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೂ ಕೊರಳಿಗೂ ಕಟ್ಟುವವು. ಹಬ್ಬ ಮುಗಿದು ಪೇಟೆಯಲ್ಲಿ ಉಳಿದಿದ್ದನ್ನು ಅವಳು ಚೀಲದಲ್ಲಿ ತುಂಬಿ ತಂದಿದ್ದಳು. ಅಪ್ಪ ಹೊಲಿದ ಒಂದು ಜೊತೆ ಹೆಂಗಸರ ಸಾದಾ ಚಪ್ಪಲಿಯ ಮೇಲೆ ಎರಡು ಕೆಂಪು ಗೊಂಡೆ ಕೂರಿಸಿ, ದಾರ ಕಡಿದು, ನನ್ನ ಮುಂದೆ ಇಟ್ಟಳು.

"ಅಕ್ಕಾರ, ಇದನ್ನ ಹಾಕ್ಕೊಂಡು ಬಾಗಲ ತನಕ ನಡದು ತೋರಸ್ರಿ" ಎಂದಳು. ನಮ್ಮ ಕಡೆ ಕಲಿಸುವ ಹೆಂಗಸರನ್ನು ಅಕ್ಕಾರು ಎನ್ನುತ್ತಾರೆ. ನಾನು ಯಾರೆಂದು ಅವಳಿಗೆ ಗೊತ್ತಿತ್ತು.

ನಡೆದೆ. ಹೆಜ್ಜೆ ಇಟ್ಟಾಗಲೆಲ್ಲ ಗೊಂಡೆಗಳು ಎರಡು ಗುಬ್ಬಿಮರಿಗಳ ಹಾಗೆ ಕುಪ್ಪಳಿಸಿದವು. ಮೂವತ್ತಾರು ವರ್ಷದ ಹೆಂಗಸು ಬಾಗಿಲ ತನಕ ಹೋಗಿ, ಬಾಗಿಲು ದಾಟಿ, ಮಳೆಯಲ್ಲೇ ಓಣಿಯ ತುದಿಯವರೆಗೂ ನಡೆದುಬಿಟ್ಟೆ. ಶಾಲೆ ಮುಚ್ಚಿದ ಮೇಲೆ ನಾನು ನಕ್ಕದ್ದು ಅದೇ ಮೊದಲೇನೋ. ತಿರುಗಿ ಬಂದಾಗ ಸುಜಾತಾ ನನ್ನ ಮುಖ ನೋಡುತ್ತ ನಿಂತಿದ್ದಳು. ಮುಂದೆ ಆದದ್ದಕ್ಕೆಲ್ಲ ಆ ನಗುವೇ ಕಾರಣ ಎಂದು ಅವಳು ಎಷ್ಟೋ ಸಲ ಹೇಳಿದ್ದಾಳೆ.

ಯಮನಪ್ಪಜ್ಜ ಮಾತ್ರ ಚಪ್ಪಲಿಯನ್ನು ಕೈಗೆ ತೆಗೆದುಕೊಂಡು ಗೊಂಡೆಯನ್ನು ಬೆರಳಿಂದ ಆಚೀಚೆ ಸರಿಸಿದರು. "ಎತ್ತಿಗೆ ಕಟ್ಟೂದು ವರ್ಷದಾಗ ಒಂದ ದಿನಾ, ಸುಜಾತಾ" ಎಂದರು. ಸಿಟ್ಟಿನಿಂದಲ್ಲ. ಮಗಳು ಮರೆತಿದ್ದನ್ನು ನೆನಪಿಸುವ ಹಾಗೆ ಅಂದು, ಮತ್ತೆ ಹೊಲಿಗೆಗೆ ಬಾಗಿದರು.

ಇಂಥವನ್ನೇ ಮಾಡಿ ಮಾರೋಣ ಎಂದು ಸುಜಾತಾ ಕರೆದಳು, ಆ ವಾರವೇ ನಾನು ಅಲ್ಲಿ ಕೆಲಸಕ್ಕೆ ಸೇರಿದೆ. ಫೋನಿಗೆ ಉತ್ತರ ಕೊಡುವುದು, ಡಬ್ಬಿಯ ಮೇಲೆ ಹಾಕುವ ನಾಲ್ಕು ಸಾಲು ಬರೆಯುವುದು, ಚಪ್ಪಲಿಯ ಫೋಟೊ ತೆಗೆದು ಮೊಬೈಲಿನಲ್ಲಿ ಹಾಕುವುದು ನನ್ನ ಪಾಲಿಗೆ. ಹೆಸರು ಏನಿಡೋಣ ಎಂದು ಬಹಳ ಯೋಚಿಸಲಿಲ್ಲ. ಗೊಂಡೆ ಎಂದೇ ಇಟ್ಟೆವು. ಡಬ್ಬಿಯ ಮೇಲೆ ಆ ಎರಡಕ್ಷರವನ್ನು ಮೊದಲು ಬರೆದದ್ದು ನಾನೇ. ಮನೆಯಲ್ಲಿ ಗಂಡ ಏನೂ ಅನ್ನಲಿಲ್ಲ. ಅತ್ತೆಯೂ ಏನೂ ಅನ್ನಲಿಲ್ಲ. ಆದರೆ ಮರುದಿನ ಸಂಜೆ ನಾನು ಮನೆಗೆ ಬಂದಾಗ ಹಿತ್ತಲ ಬಾಗಿಲ ಹತ್ತಿರ ಒಂದು ಕೊಡ ನೀರು ತುಂಬಿಟ್ಟಿತ್ತು. ಕೈಕಾಲು ತೊಳೆದು, ತಲೆಗೊಂದಿಷ್ಟು ಚಿಮುಕಿಸಿಕೊಂಡು, ಹಿತ್ತಲಿಂದಲೇ ಒಳಗೆ ಬರಬೇಕೆಂದು ಅದರ ಅರ್ಥ. ನಾನು ಹಾಗೇ ಮಾಡಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಶ್ರಾವಣದಲ್ಲಿ ಸವದತ್ತಿಯ ಒಂದು ಮದುವೆಗೆ ನಮ್ಮಿಂದ ಐದು ಜೊತೆ ಹೋಗಿದ್ದವು. ಮದುಮಗಳೂ ಅವಳ ಗೆಳತಿಯರೂ ಅವನ್ನು ಹಾಕಿಕೊಂಡು ಕುಣಿದರಂತೆ. ಯಾರೋ ಒಬ್ಬಳು ಮೊಬೈಲನ್ನು ಕೆಳಗೆ ಹಿಡಿದು ಮುಖಗಳನ್ನೆಲ್ಲ ಬಿಟ್ಟು ಬರೀ ಹತ್ತು ಕಾಲುಗಳನ್ನು ತೆಗೆದಿದ್ದಳು. ಹತ್ತು ಕಾಲು, ಹತ್ತು ಗೊಂಡೆ, ಹಿಂದೆ ಹಲಗೆ ಬಾರಿಸುವ ಸದ್ದು. ಅರ್ಧ ನಿಮಿಷವೂ ಇಲ್ಲದ ಆ ವಿಡಿಯೋ ಒಂದೇ ವಾರದಲ್ಲಿ ಎಲ್ಲೆಲ್ಲಿಗೋ ಹೋಯಿತು. ನನ್ನ ಫೋನು ಬೆಳಗಿನ ಚಹಾಕ್ಕೆ ಮೊದಲೇ ಗುನುಗತೊಡಗಿತು. ಮೊದಲು ಕಿತ್ತೂರು, ರಾಮದುರ್ಗ. ಆಮೇಲೆ ಧಾರವಾಡ, ಬೆಳಗಾವಿ. ಆಮೇಲೆ ನಾನು ಹೆಸರೂ ಕೇಳದ ಊರುಗಳು.

ಯಮನಪ್ಪಜ್ಜನ ಮನೆಯ ಹಿಂದಿನ ತಗಡಿನ ಕೋಣೆಯಲ್ಲಿ ಮೂರು ಹೊಲಿಗೆ ಯಂತ್ರ ಬಂದವು. ಓಣಿಯಲ್ಲಿ ಕಸುಬು ಬಿಟ್ಟು ಕುಳಿತಿದ್ದ ಇಬ್ಬರು ಮುದುಕರು ಮತ್ತೆ ಕೆಲಸಕ್ಕೆ ಕುಳಿತರು. ಗೊಂಡೆ ಕಟ್ಟಲು ಕೈಗಳು ಸಾಲದೆ ನಾನು ನಮ್ಮ ಓಣಿಯ ನೀಲವ್ವನನ್ನು ಕೇಳಿದೆ. ನೀಲವ್ವ ಹತ್ತು ಜನರನ್ನು ಕರೆತಂದಳು, ಆ ಹತ್ತು ಜನ ಮೂವತ್ತಾದರು. ಮೊದಮೊದಲು ಅವರು ಓಣಿಯ ಬಾಯಲ್ಲೇ ನಿಂತು ಕಟ್ಟಿದ ಗೊಂಡೆಯ ಚೀಲ ಕೊಟ್ಟು, ಹೊಸ ಉಣ್ಣೆ ಇಸಿದುಕೊಂಡು ಹೋಗುತ್ತಿದ್ದರು. ಮಳೆ ಜೋರಾದ ಒಂದು ದಿನ ಕಟ್ಟೆಯ ತನಕ ಬಂದರು. ದೀಪಾವಳಿಯ ಹೊತ್ತಿಗೆ ಒಳಗೇ ಕುಳಿತು ಕಟ್ಟತೊಡಗಿದರು. ಸುಜಾತಾಳ ತಾಯಿ ಚಹಾ ಮಾಡಿ ತಂದಿಡುತ್ತಿದ್ದರು. ಲೋಟಗಳು ತಣ್ಣಗಾಗಿ ಹಾಗೇ ಒಳಗೆ ಹೋಗುತ್ತಿದ್ದವು. ಥಂಡಿ ಶುರುವಾದ ಮೇಲೆ ಒಂದು ಮುಂಜಾನೆ ನೀಲವ್ವ ಬೆರಳು ಮರಗಟ್ಟಿದೆ ಎನ್ನುತ್ತ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಳು. ಹಿಡಿದವಳು ಕುಡಿದಳು. ಉಳಿದವರೂ ಕುಡಿದರು. ಸುಜಾತಾಳ ತಾಯಿ ಅಡುಗೆಮನೆಯ ಬಾಗಿಲಲ್ಲಿ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಬಹಳ ಹೊತ್ತು ನಿಂತಿದ್ದರು.

ನಮ್ಮ ಮನೆಯಲ್ಲಿ ಅತ್ತೆಯೂ ಕಣ್ಣಿಗೆ ಕನ್ನಡಕ ಏರಿಸಿ ಗೊಂಡೆ ಕಟ್ಟಲು ಕುಳಿತರು. ಹಿತ್ತಲಿನ ಕೊಡ ಯಾವಾಗ ಅಲ್ಲಿಂದ ಹೋಯಿತೋ ನಾನು ಗಮನಿಸಲೇ ಇಲ್ಲ.

ಆ ಚಳಿಗಾಲದ ನೆನಪೆಲ್ಲ ನನಗೆ ಬಣ್ಣದಲ್ಲೇ ಇದೆ. ಕೋಣೆಯೊಳಗೆ ಉಣ್ಣೆಯ ಧೂಳು ತೇಲುತ್ತ ಎಲ್ಲರ ರೆಪ್ಪೆಯ ಮೇಲೆ ಕೂರುತ್ತಿತ್ತು. ಕೆಂಪು ಕಟ್ಟಿದವರ ಹುಬ್ಬು ಕೆಂಪು, ಹಳದಿ ಕಟ್ಟಿದವರ ಮೂಗು ಹಳದಿ. ರೊಟ್ಟಿ ತಟ್ಟುವಾಗ ನನ್ನ ಹಿಟ್ಟಿನಲ್ಲಿ ಒಂದು ಹಸಿರು ಎಳೆ ಸಿಗುತ್ತಿತ್ತು. ಕಣ್ಣು ಮುಚ್ಚಿದರೂ ಗೊಂಡೆಗಳೇ. ಸಂಕ್ರಾಂತಿಗೆ ಸ್ವಲ್ಪ ಮೊದಲು ನಾನೂ ಸುಜಾತಾಳೂ ಒಂದು ಮುಂಜಾನೆ ಡಬ್ಬಿಗಳನ್ನು ಹೊತ್ತು ಕಿತ್ತೂರಿಗೆ ಹೋದೆವು. ಮಂಜು ಎಷ್ಟಿತ್ತೆಂದರೆ ಕೋಟೆಯ ಗೋಡೆ ಇದ್ದ ಕಡೆ ಬರೀ ಬೂದು ಬಣ್ಣ. ಹಳ್ಳಿಗಳಿಂದ ಕಾಲೇಜಿಗೆ ಬರುವ ಬಸ್ಸುಗಳು ಒಂದರ ಹಿಂದೆ ಒಂದು ಬಂದು ನಿಂತವು. ಮಂಜಿನಲ್ಲಿ ಇಳಿದವರ ಮುಖ ಕಾಣುತ್ತಿರಲಿಲ್ಲ, ಪಾದಗಳಷ್ಟೇ ಕಾಣುತ್ತಿದ್ದವು. ಪಾದಗಳ ಮೇಲೆ ನಮ್ಮ ಗೊಂಡೆಗಳು. ನೆಲದಿಂದ ಒಂದು ಗೇಣು ಎತ್ತರದಲ್ಲಿ ಹೂವಿನ ಮಡಿಯೊಂದು ಎದ್ದು ತನ್ನಷ್ಟಕ್ಕೆ ನಡೆದುಹೋಗುತ್ತಿರುವ ಹಾಗೆ. ಸುಜಾತಾ ನನ್ನ ಮುಂಗೈಯನ್ನು ನೋಯುವಷ್ಟು ಗಟ್ಟಿಯಾಗಿ ಹಿಡಿದಳು. ಆ ಮುಂಜಾನೆಯನ್ನು ಯಾರೂ ನಮ್ಮಿಂದ ಕಸಿದುಕೊಳ್ಳಲಾರರು ಎಂದು ನನಗೆ ಇವತ್ತಿಗೂ ಅನಿಸುತ್ತದೆ.

ಆದರೆ ಅದೇ ಚಳಿಗಾಲದಲ್ಲಿ ನಾನು ಇನ್ನೊಂದು ಕೆಲಸವನ್ನೂ ಮಾಡಿದೆ.

ಗೊಂಡೆ ಹೆಚ್ಚಾದಂತೆ ಸುಜಾತಾ ಅಪ್ಪನಿಗೆ ಕೆರ ಹೊಲಿಯುವುದನ್ನು ಬಿಡಿಸಿದ್ದಳು. ಹೊತ್ತಿಲ್ಲ, ಇರುವ ಕೈಯೆಲ್ಲ ಗೊಂಡೆಗೇ ಬೇಕು ಎಂದಿದ್ದಳು. ಕೆರ ಕೇಳಿಕೊಂಡು ಬರುವ ರೈತರಿಗೆ ಬಾಗಿಲಲ್ಲೇ ಇಲ್ಲವೆಂದು ಹೇಳುವುದು ನನ್ನ ಪಾಲಿಗೆ ಬಂತು. ಅಜ್ಜ ಒಳಗೆ ಯಂತ್ರದ ಸದ್ದಿನಲ್ಲಿ ಇರುತ್ತಿದ್ದರು, ಅವರಿಗೆ ಗೊತ್ತಾಗುತ್ತಿರಲಿಲ್ಲ. ಸಂತೆಯ ದಿನ ದೊಡವಾಡದಿಂದ ಫಕೀರಪ್ಪ ಎಂಬ ರೈತರು ಬಂದರು. ಅರವತ್ತು ದಾಟಿದ ವಯಸ್ಸು. ಹುಟ್ಟಿನಿಂದ ಅವರ ಎಡಗಾಲು ಒಳಕ್ಕೆ ಸೊಟ್ಟ, ಅಂಗಾಲು ಪೂರ್ತಿ ನೆಲಕ್ಕೆ ಊರುವುದಿಲ್ಲ. ಮೂವತ್ತು ವರ್ಷದಿಂದ ಅವರ ಎಡಗಾಲಿನ ಕೆರವನ್ನು ಯಮನಪ್ಪಜ್ಜನೇ ಹೊಲಿಯುತ್ತಿದ್ದರು. ಒಂದು ಬದಿ ಎತ್ತರ, ಒಂದು ಬದಿ ತೆಳು, ಹಿಮ್ಮಡಿಗೆ ಒಂದು ಆಸರೆ. ಅಂಥದ್ದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಆ ವರ್ಷದ ಕೆರ ಸವೆದಿತ್ತು, ಅವರು ಹೊಸದಕ್ಕೆ ಬಂದಿದ್ದರು.

ನಾನು ಸುಜಾತಾಳತ್ತ ನೋಡಿದೆ. ಅವಳು ಬೇಡವೆಂದು ತಲೆ ಅಲ್ಲಾಡಿಸಿದಳು. ಸಂಕ್ರಾಂತಿ ಆದ ಮೇಲೆ ಬರ್ರಿ ಎಂದೆ. ಅವರು ಒಳಗೆ ಹಗ್ಗಕ್ಕೆ ನೇತುಹಾಕಿದ್ದ ಗೊಂಡೆಗಳನ್ನು ಸ್ವಲ್ಪ ಹೊತ್ತು ನೋಡಿದರು. "ಹೂವಿನಂಗ ಛಂದ ಅದಾವು, ತಂಗಿ" ಎಂದು ಹೇಳಿ ಹೊರಟರು. ಸಂಕ್ರಾಂತಿ ಆದ ಮೇಲೆ ಮತ್ತೆ ಬಂದರು. ಆಗ ಮದುವೆಗಳ ಕಾಲದ ಕೆಲಸ ತಲೆಯ ಮೇಲಿತ್ತು. ನಾನು ಮತ್ತೆ ಕಳಿಸಿದೆ. ಮೂರನೆಯ ಸಲ ಅವರು ಬರಲಿಲ್ಲ. ಅವರಂಥ ಇನ್ನೆಷ್ಟು ಜನ ಓಣಿಯ ಬಾಯಿಂದಲೇ ತಿರುಗಿ ಹೋದರೋ, ರಬ್ಬರಿನ ಚಪ್ಪಲಿ ಕೊಂಡು ಅದಕ್ಕೇ ಒಗ್ಗಿಕೊಂಡರೋ, ನಾವು ಕೇಳಲಿಲ್ಲ.

ಹೋಳಿ ಹತ್ತಿರವಾದಾಗ ಕಿತ್ತೂರಿನಿಂದ ಒಬ್ಬ ಹುಡುಗಿ ನಮ್ಮಲ್ಲಿಗೇ ಬಂದಳು. ಮೊದಲ ತಿಂಗಳಲ್ಲೇ ನಮ್ಮ ಚಪ್ಪಲಿ ಕೊಂಡು ಗೆಳತಿಯರಿಗೆಲ್ಲ ಕೊಡಿಸಿದವಳು. ಸುತ್ತ ಕಣ್ಣಾಡಿಸಿದಳು. ಕೆಂಪು, ಹಳದಿ, ಹಸಿರು, ನೀಲಿ.

"ಅಕ್ಕಾ, ಬ್ಯಾರೆ ಏನರ ಬಂದೈತೇನ್ರಿ?" ಎಂದು ಕೇಳಿದಳು.

ಬೇರೆ ಏನೂ ಇರಲಿಲ್ಲ. ಸುಜಾತಾ ಎರಡು ಬಣ್ಣ ಸೇರಿಸಿದ ಗೊಂಡೆ ತೋರಿಸಿದಳು, ಗೆಜ್ಜೆ ಹಾಕಿದ್ದನ್ನು ತೋರಿಸಿದಳು. ಹುಡುಗಿ ಮರ್ಯಾದೆಗೆ ಎಲ್ಲವನ್ನೂ ಮುಟ್ಟಿ ನೋಡಿ, ಈಗ ಎಲ್ಲರ ಕಾಲಲ್ಲೂ ಇದೇ ಇದೆಯಲ್ಲ ಎಂದು ಮೆಲ್ಲಗೆ ಹೇಳಿ ಹೋದಳು. ಅವಳ ಕಾಲಲ್ಲಿ ಬಿಳಿ ಬೂಟುಗಳಿದ್ದವು. ನಮ್ಮ ಚಪ್ಪಲಿ ಹರಿದಿತ್ತೇ ಎಂದರೆ, ಇಲ್ಲ. ಅಜ್ಜ ಹಾಕಿದ ತಳ ಮೂರು ವರ್ಷಕ್ಕೂ ಹರಿಯುವಂಥದ್ದಲ್ಲ. ಹರಿಯದಿದ್ದರೆ ಇನ್ನೊಂದು ಕೊಳ್ಳುವುದಿಲ್ಲ, ಕಣ್ಣಿಗೆ ಹಳತಾದರೆ ಇದ್ದದ್ದನ್ನೂ ಹಾಕುವುದಿಲ್ಲ. ಎಲ್ಲರಿಗಿಂತ ಬೇರೆ ಕಾಣಲೆಂದು ಕೊಂಡವಳು ಎಲ್ಲರೂ ಕೊಂಡ ದಿನವೇ ಬಿಟ್ಟಳು. ಹಾಗೆ ನೋಡಿದರೆ ನಮ್ಮ ಗೆಲುವೇ ನಮ್ಮನ್ನು ಮುಗಿಸುತ್ತಿತ್ತು. ಆಗ ಅದು ನಮಗೆ ಹೊಳೆಯಲಿಲ್ಲ. ಒಬ್ಬ ಹುಡುಗಿಗೆ ಬೇಸರ ಬಂದಿದೆ ಅಷ್ಟೇ ಎಂದುಕೊಂಡೆವು.

ಬೇಸಿಗೆಯಲ್ಲಿ ನಕಲುಗಳು ಬಂದವು. ಪ್ಲಾಸ್ಟಿಕ್ಕಿನ ತಳ, ಅಂಟಿಸಿದ ಗೊಂಡೆ, ಅರ್ಧಕ್ಕಿಂತ ಕಡಿಮೆ ಬೆಲೆ. ಬಸ್‌ ನಿಲ್ದಾಣಗಳ ಮುಂದೆ ಗಾಡಿಯಲ್ಲಿ ರಾಶಿ ಹಾಕಿ ಮಾರಿದರು. ಅವು ವಾರದಲ್ಲಿ ಕಿತ್ತುಹೋದರೆ ಜನ ಬೈದದ್ದು ನಮ್ಮನ್ನು, ಗೊಂಡೆ ಚಪ್ಪಲಿ ಬಾಳುವುದಿಲ್ಲ ಎಂದು. ಆಮೇಲೆ ಮಳೆ ಬಂತು. ನಾವು ಶುರು ಮಾಡಿದ್ದು ಮಳೆಗಾಲದಲ್ಲೇ ಆದರೂ ಮೊದಲ ವರ್ಷ ಹುಡುಗಿಯರು ಅವನ್ನು ಮದುವೆಮನೆಗೆ, ಹಬ್ಬಕ್ಕೆ ಜೋಪಾನ ಮಾಡಿ ಹಾಕಿದ್ದರು. ಈಗ ದಿನದ ಚಪ್ಪಲಿಯಾಗಿ ಎರೆಮಣ್ಣಿಗೆ ಇಳಿದವು. ನೆನೆದ ಗೊಂಡೆ ಇಲಿಮರಿಯ ಹಾಗೆ ಮುದುಡಿತು, ಬಣ್ಣ ಬಿಟ್ಟು ಬೆರಳೆಲ್ಲ ಕೆಂಪು ಮಾಡಿತು. ಅಂಗಡಿಗಳಿಂದ ಡಬ್ಬಿಗಳು ವಾಪಸು ಬರತೊಡಗಿದವು. ನನ್ನ ಫೋನು ಇಡೀ ಮುಂಜಾನೆ ಸುಮ್ಮನಿದ್ದ ಮೊದಲ ದಿನ ಅದು ಕೆಟ್ಟಿದೆಯೆಂದು ತಿಳಿದು ನಾನು ಗಂಡನ ಫೋನಿನಿಂದ ಕರೆ ಮಾಡಿ ನೋಡಿದೆ. ಕೆಟ್ಟಿರಲಿಲ್ಲ.

ಸುಜಾತಾ ಸುಮ್ಮನೆ ಕೈಕಟ್ಟಿ ಕೂರುವವಳಲ್ಲ. ಅಪ್ಪನ ಕೈಯಲ್ಲಿ ಗೊಂಡೆಯಿಲ್ಲದ ಚಪ್ಪಲಿ ಹೊಲಿಸಿದಳು. ಅಂಥ ಚಪ್ಪಲಿಯನ್ನು ನಾನು ಮೊದಲೂ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ಮೆತ್ತನೆಯ ಪಟ್ಟಿ, ಪಾದಕ್ಕೆ ಅಂಗೈಯಂತೆ ಕೂರುವ ತಳ. ಹನ್ನೆರಡು ಜೊತೆ ಹೊತ್ತು ನಾವಿಬ್ಬರೂ ರಾಮದುರ್ಗಕ್ಕೆ ಹೋದೆವು. ಹೋದ ವರ್ಷ ನಮ್ಮನ್ನು ಕುರ್ಚಿ ಹಾಕಿ ಕೂರಿಸುತ್ತಿದ್ದ ಅಂಗಡಿಯವರು ಚಪ್ಪಲಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಮನಸಾರೆ ಮೆಚ್ಚಿದರು.

"ತಳಾ ಭಾಳ ಚಲೋ ಐತ್ರಿ. ಆದ್ರ ಗೊಂಡೆ ಎಲ್ಲೈತಿ?" ಎಂದರು.

ಗೊಂಡೆ ಇಲ್ಲ, ಇದು ಹೊಸದು ಎಂದು ಸುಜಾತಾ ವಿವರಿಸಿದಳು. ಅವರು ಡಬ್ಬಿಯ ಮೇಲಿನ ಹೆಸರನ್ನು ಬೆರಳಿಂದ ತೋರಿಸಿದರು. ಗೊಂಡೆ ಎಂದು ಬರೆದ ಡಬ್ಬಿಯಲ್ಲಿ ಗೊಂಡೆ ಇಲ್ಲದಿದ್ದರೆ ಗಿರಾಕಿಗಳು ತಮಗೇ ಬೈಯುತ್ತಾರೆ ಎಂದರು. ಹೆಸರು ಬದಲಿಸಿ ತರಲೇ ಎಂದು ಇವಳು ಕೇಳಿದಳು. ಹೊಸ ಹೆಸರು ಯಾರಿಗೆ ಗೊತ್ತಿದೆ ಎಂದು ಅವರು ನಕ್ಕರು. ಕೆಟ್ಟ ನಗುವಲ್ಲ. ಚಹಾ ತರಿಸಿಕೊಟ್ಟರು. ಸವದತ್ತಿಯಲ್ಲೂ ಎರಡು ಅಂಗಡಿಗಳಲ್ಲಿ ಹೆಚ್ಚುಕಡಿಮೆ ಇದೇ ಮಾತು. ಹನ್ನೆರಡು ಜೊತೆಯನ್ನೂ ಮತ್ತೆ ಹೊತ್ತುಕೊಂಡು ಬಸ್ಸು ಹತ್ತಿದೆವು. ಸವದತ್ತಿ ಬಿಟ್ಟಾಗ ಮಳೆ ನಿಂತಿತ್ತು. ದೂರದಲ್ಲಿ ಮಲಪ್ರಭೆಯ ಹಿನ್ನೀರು ಆಕಾಶದ ಬಣ್ಣಕ್ಕೇ ತಿರುಗಿ, ನೀರೆಲ್ಲಿ ಮುಗಿದು ಮೋಡವೆಲ್ಲಿ ಶುರುವಾಗುತ್ತದೆ ಎಂದು ಹೇಳಲಾಗುತ್ತಿರಲಿಲ್ಲ. ಸುಜಾತಾ ಅದನ್ನೇ ನೋಡುತ್ತ ಕುಳಿತಿದ್ದಳು. ನಿದ್ದೆಯಲ್ಲಿ ಮಾತಾಡುವವಳ ಹಾಗೆ ಹೇಳಿದಳು:

"ಇಡೀ ವರ್ಷ ನಾವು ಚಪ್ಲಿ ಮಾಡಲೇ ಇಲ್ರಿ ಅಕ್ಕಾರ. ಗೊಂಡೆ ಮಾಡಿದ್ವಿ. ಚಪ್ಲಿ ಅದರ ಕೆಳಗ ಸುಮ್ನ ಇತ್ತು."

ಆ ಹೆಸರನ್ನು ಡಬ್ಬಿಯ ಮೇಲೆ ಬರೆದವಳು ನಾನು.

ಗೊಂಡೆ ಕಟ್ಟುವ ಕೆಲಸ ನಿಂತಿತು. ನೀಲವ್ವನೂ ಉಳಿದವರೂ ಬರುವುದು ನಿಂತಿತು. ಕೆಲಸವಿಲ್ಲದಿದ್ದರೆ ಯಾಕೆ ಬರುತ್ತಾರೆ ಎಂದು ನಾನು ಸಮಾಧಾನ ಮಾಡಿಕೊಂಡೆ. ಆದರೆ ಪೇಟೆಯಲ್ಲಿ ಸುಜಾತಾಳ ತಾಯಿ ಎದುರಾದಾಗ ನೀಲವ್ವ ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ಆಚೆ ತಿರುಗಿದ್ದನ್ನು ನಾನೇ ಕಂಡೆ. ಆ ವಾರದಲ್ಲೇ ಒಂದು ಸಂಜೆ ಮನೆಗೆ ಬಂದರೆ ಹಿತ್ತಲ ಬಾಗಿಲಲ್ಲಿ ನೀರು ತುಂಬಿದ ಕೊಡ ಇತ್ತು. ನಾನು ಅದರ ಮುಂದೆ ನಿಂತೆ. ಆಮೇಲೆ ಮನೆಯನ್ನು ಸುತ್ತಿ ಬಂದು ಮುಂಬಾಗಿಲಿನಿಂದಲೇ ಒಳಗೆ ಹೋದೆ. ಅತ್ತೆ ಪಡಸಾಲೆಯಲ್ಲಿ ಕುಳಿತಿದ್ದರು. ನನ್ನನ್ನು ನೋಡಿ ಏನೋ ಹೇಳಲು ಬಾಯಿ ತೆರೆದರು. ನಾನು ಅವರ ಎದುರಿಗೇ ಕುಳಿತು, ನಾಳೆಯೂ ಹೀಗೇ ಬರುತ್ತೇನೆ ಅತ್ತಿ ಎಂದೆ. ಗಂಡ ಎದ್ದುಹೋಗಿ ಕೊಡವನ್ನು ತಂದು ತುಳಸಿಯ ಬುಡಕ್ಕೆ ಸುರಿದರು. ಅತ್ತೆ ನಾಲ್ಕು ದಿನ ನನ್ನೊಡನೆ ಮಾತಾಡಲಿಲ್ಲ. ಐದನೆಯ ದಿನ ರೊಟ್ಟಿಗೆ ಉಪ್ಪು ಕಡಿಮೆಯಾಗಿದೆ ಎಂದರು. ಅಲ್ಲಿಗೆ ಆ ಮಾತು ಮುಗಿಯಿತು.

ಯಂತ್ರಗಳು ಹೋದವು, ಬಾಗಿಲ ಮೇಲಿನ ಬೋರ್ಡನ್ನು ಸುಜಾತಾ ತಾನೇ ಕುರ್ಚಿ ಹತ್ತಿ ಇಳಿಸಿದಳು. ಯಮನಪ್ಪಜ್ಜ ಮತ್ತೆ ತಮ್ಮ ಮಣೆಯ ಮೇಲೆ ಕುಳಿತರು. ಕುಳಿತರೆ ಬರುವವರು ಯಾರೂ ಇರಲಿಲ್ಲ. ಆ ವರ್ಷ ಅವರ ಕಣ್ಣಿಗೆ ಪೊರೆ ಬೇರೆ ಬಂದಿತ್ತು, ದಾರ ಪೋಣಿಸಲು ಮಗಳನ್ನು ಕರೆಯುತ್ತಿದ್ದರು. ಶ್ರಾವಣ ಮುಗಿಯುವಾಗ ಒಂದು ದಿನ ಅವರು ನನ್ನನ್ನು ಕೇಳಿದರು: "ದೊಡವಾಡದ ಫಕೀರಪ್ಪಗೌಡ್ರು ಈ ಸಲ ಬರಲೇ ಇಲ್ಲಲ್ರಿ ಅಕ್ಕಾರ. ಆರಾಮ ಅದಾರೋ ಇಲ್ಲೋ."

ನಾನು ಸುಳ್ಳು ಹೇಳಬಹುದಿತ್ತು. ಎರಡು ಸಲ ಬಂದಿದ್ದರು, ನಾನೇ ಕಳಿಸಿದೆ ಎಂದು ಹೇಳಿದೆ. ಸುಜಾತಾ ಮೂಲೆಯಲ್ಲಿ ಚರ್ಮ ಕತ್ತರಿಸುತ್ತಿದ್ದವಳು, ಕಳಿಸಲು ಹೇಳಿದವಳು ತಾನು ಎಂದಳು. ಅಜ್ಜ ಇಬ್ಬರನ್ನೂ ಬೈಯಲಿಲ್ಲ. ಕೈಯಲ್ಲಿದ್ದ ಸೂಜಿಯನ್ನು ಕೆಳಗಿಟ್ಟು, ಹೊರಗೆ ಬೀಳುತ್ತಿದ್ದ ಮಳೆಯನ್ನು ನೋಡುತ್ತ ಕುಳಿತರು. ಮರುದಿನ ಮುಂಜಾನೆ ಕೈಚೀಲ ಹಿಡಿದು ದೊಡವಾಡದ ಬಸ್ಸಿಗೆ ಹೊರಟಿದ್ದರು. ಮೆಟ್ಟಿಲು ಕಾಣದೆ ಎಡವಿದರು. ಸುಜಾತಾ ಅವರ ಕೈಯಿಂದ ಚೀಲ ಇಸಿದುಕೊಂಡಳು. ತಾನು ಹೋಗುತ್ತೇನೆ ಎಂದಳು. ಕಾಲಿನ ಅಳತೆ ತೆಗೆಯುವುದು ನಿನಗೆಲ್ಲಿ ಬರುತ್ತದೆ ಎಂದು ಅಜ್ಜ ಕೇಳಿದರು. ಬರುವುದಿಲ್ಲ, ಕಲಿಯುತ್ತೇನೆ ಎಂದಳು. ನಾನೂ ಅವಳ ಜೊತೆ ಹೊರಟೆ.

ದೊಡವಾಡದಲ್ಲಿ ಹೆಸರುಕಾಯಿ ಬಿಡಿಸುವ ದಿನಗಳು. ಊರೆಲ್ಲ ಹಸಿ ಬಳ್ಳಿಯ ವಾಸನೆ. ಫಕೀರಪ್ಪನವರು ದನದ ಮನೆಯ ಮುಂದೆ ಹಾಸುಗಲ್ಲಿನ ಮೇಲೆ ಕುಳಿತಿದ್ದರು. ಎಡಗಾಲಿಗೆ ಅಳತೆಗಿಂತ ದೊಡ್ಡದಾದ ರಬ್ಬರಿನ ಬೂಟು, ಅದರೊಳಗೆ ಅರಿವೆಯ ಚಿಂದಿ ತುರುಕಿದ್ದರು. ಹಿಮ್ಮಡಿಯ ಬದಿಗೆ ಗಾಯವಾಗಿ ಅರಿಶಿನ ಮೆತ್ತಿತ್ತು. ಅವರ ಹೆಂಡತಿ ನಮ್ಮನ್ನು ಗುರುತು ಹಿಡಿದು, ಈ ವರ್ಷ ಇವರು ಹೊಲಕ್ಕೆ ಹೋಗಿದ್ದೇ ಕಡಿಮೆ ಎಂದು ಕಟುವಾಗಿ ಹೇಳಿ ಒಳಗೆ ಹೋದರು. ನಾನು ತಪ್ಪಾಯಿತೆಂದೆ. ಫಕೀರಪ್ಪನವರು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ.

"ಯಮನಪ್ಪ ಹೋಗಿಬಿಟ್ಟಾನ ಅಂತ ತಿಳಕೊಂಡಿದ್ನಿ" ಎಂದರು. "ಅದಾನಂದ್ರ ಚಲೋ ಆತು."

ಸುಜಾತಾ ಅವರ ಮುಂದೆ ನೆಲದ ಮೇಲೆ ಕುಳಿತು ಕಾಲು ಕೊಡಿ ಎಂದು ಕೈ ಚಾಚಿದಳು. ಅವರು ಕಾಲನ್ನು ಹಿಂದಕ್ಕೆ ಎಳೆದುಕೊಂಡರು. ಮಗಳಂಥವಳು ಕಾಲು ಮುಟ್ಟಬಾರದು ಎಂದರು. ಅದಷ್ಟೇ ಕಾರಣವಲ್ಲ ಎಂದು ನನಗನಿಸಿತು. ಆ ಕಾಲನ್ನು ಯಮನಪ್ಪಜ್ಜನ ಹೊರತು ಬೇರೆಯವರಿಗೆ ತೋರಿಸಿ ಅವರಿಗೆ ರೂಢಿಯಿರಲಿಲ್ಲ.

"ಮುಟ್ಟದ ಅಳತಿ ಹ್ಯಾಂಗ ತಗೋಲಿ, ಕಾಕಾ" ಎಂದು ಸುಜಾತಾ ಮೆಲ್ಲಗೆ ಕೇಳಿದಳು. ಚಾಚಿದ ಕೈಯನ್ನು ಹಿಂದೆ ತೆಗೆಯಲಿಲ್ಲ. ಬಹಳ ಹೊತ್ತು ಹಾಗೇ ಹಿಡಿದಿದ್ದಳು. ಕೊನೆಗೆ ಅವರು ಬೂಟು ಕಳಚಿ, ಮುಖ ಆಚೆ ತಿರುಗಿಸಿ, ಕಾಲನ್ನು ಅವಳ ಅಂಗೈಯ ಮೇಲೆ ಇಟ್ಟರು.

ಅವಳು ಹೊಲಿದ ಮೊದಲ ಕೆರ ಬಿಗಿಯಾಯಿತು. ಎರಡನೆಯದು ಬದಿಗೆ ವಾಲಿತು, ಅವರು ನಾಲ್ಕು ಹೆಜ್ಜೆ ಹಾಕಿ ಗೋಡೆ ಹಿಡಿದರು. ಎರಡು ಸಲವೂ ಅವಳು ತಿರುಗಿ ಬಂದು ಅಪ್ಪನ ಪಕ್ಕದಲ್ಲಿ ಕುಳಿತು ಎಲ್ಲ ಬಿಚ್ಚಿ ಮತ್ತೆ ಹೊಲಿದಳು. ಕಣ್ಣು ಕಾಣದ ಅಜ್ಜ ಹೆಬ್ಬೆರಳಿನಿಂದ ತಳವನ್ನು ಒತ್ತಿ ಒತ್ತಿ ನೋಡಿ ಇಲ್ಲಿ ಎತ್ತರ, ಇಲ್ಲಿ ಇಳಿಸು ಎನ್ನುತ್ತಿದ್ದರು. ಈಗ ಅವಳು ಅಪ್ಪನ ಮಣೆಯ ಮೇಲೆಯೇ ಕುಳಿತುಕೊಳ್ಳುತ್ತಾಳೆ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು, ಬೆರಳು ಕಳೆದುಕೊಂಡವರು, ಒಂದು ಕಾಲು ಗಿಡ್ಡವಾದವರು ಆ ಓಣಿಗೆ ಹುಡುಕಿಕೊಂಡು ಬರುತ್ತಾರೆ. ಅವಳು ಮಾಡುವ ಚಪ್ಪಲಿಗೆ ಹೆಸರಿಲ್ಲ, ಒಂದರ ಹಾಗೆ ಇನ್ನೊಂದು ಇರುವುದಿಲ್ಲ. ಆದರೆ ಆ ದಿನಗಳಲ್ಲಿ ಅವಳಿಗೆ ಇದ್ದವರು ಫಕೀರಪ್ಪ ಒಬ್ಬರೇ.

ಮೂರನೆಯ ಕೆರ ತೆಗೆದುಕೊಂಡು ಹೋದದ್ದು ದಸರೆಯ ಹಿಂದಿನ ವಾರ. ನನಗೆ ಸರಕಾರಿ ಶಾಲೆಯ ಆದೇಶ ಬಂದು ಎರಡು ದಿನವಾಗಿತ್ತು, ಸುಜಾತಾಳಿಗೆ ಇನ್ನೂ ಹೇಳಿರಲಿಲ್ಲ. ಮುಂಜಾನೆ ಮಳೆ ಬಿದ್ದು ಬಿಟ್ಟಿತ್ತು. ಫಕೀರಪ್ಪನವರು ಕೆರ ಮೆಟ್ಟಿ ಎದ್ದು ನಿಂತರು. ಭಾರವನ್ನು ಎಡಕ್ಕೆ ಹಾಕಿದರು, ಬಲಕ್ಕೆ ಹಾಕಿದರು, ಮತ್ತೆ ಎಡಕ್ಕೆ. ಗೋಡೆಯನ್ನು ಹಿಡಿಯಲಿಲ್ಲ. ಅಂಗಳ ದಾಟಿದರು. ನಾವು ಅವರು ತಿರುಗಿ ಬಂದು ಹೇಗಿದೆಯೆಂದು ಹೇಳುತ್ತಾರೆಂದು ಕಾದೆವು. ಅವರು ಬೇಲಿಯ ಸಂದಿನಿಂದ ಹೊಲಕ್ಕೆ ಇಳಿದು, ಬದುವಿನ ಗುಂಟ ನಡೆಯುತ್ತ ಹೋದರು. ಹೆಂಡತಿ ಚಹಾ ಹಿಡಿದು ಹೊರಗೆ ಬಂದು ಕರೆದರು. ಅವರು ಕೈ ಮೇಲೆತ್ತಿದರು, ತಿರುಗಲಿಲ್ಲ. ಜೋಳದ ಎಳೆಪೈರಿನ ನಡುವೆ ಅವರ ತಲೆಯ ಬಿಳಿ ಪಟಕ ಸಣ್ಣದಾಗುತ್ತ ಹೋಯಿತು.

ಸುಜಾತಾ ಬೇಲಿಯ ತನಕ ನಡೆದಳು. ಒದ್ದೆ ಎರೆಮಣ್ಣಿನಲ್ಲಿ ಹೆಜ್ಜೆಗಳು ಸಾಲಾಗಿ ಮೂಡಿದ್ದವು. ಎಡಗಾಲಿನ ಗುರುತು ಬಲಗಾಲಿನದರಷ್ಟೇ ಆಳವಾಗಿತ್ತು. ಅವಳು ಬಗ್ಗಿ ಕುಳಿತು ಅದರೊಳಗೆ ಅಂಗೈ ಇಟ್ಟು ನೋಡಿದಳು, ಹಿಮ್ಮಡಿಯಿಂದ ಬೆರಳಿನ ತನಕ.